ಕೋವರ್ಕಿಂಗ್ ನಡೆಸುವವರ ಸಮಾವೇಶಕ್ಕೆ ಕಲಬುರಗಿಯಿಂದ ಹೋಗಿ ಬರುವುದು ಹೇಗೆ?

ನಮ್ಮದು ಸೇಡಂ ರಸ್ತೆಯಲ್ಲಿ, ಎರಡನೇ ಮಹಡಿಯ ಮೇಲಿರುವ 30 ಸೀಟಿನ ಕೋವರ್ಕಿಂಗ್, ಅಂದರೆ ಬೇರೆ ಬೇರೆ ಕೆಲಸದವರು ಸೀಟು ಬಾಡಿಗೆಗೆ ಹಿಡಿದು ಒಂದೇ ಕಡೆ ಕೂತು ಕೆಲಸ ಮಾಡುವ ಜಾಗ. ಕೆಳಗೆ ಔಷಧಿ ಅಂಗಡಿ, ಪಕ್ಕದಲ್ಲಿ ಚಹಾದಂಗಡಿ. ಬಂದು ಕೂರುವವರು ಬೆಂಗಳೂರು, ಹೈದರಾಬಾದ್ ಕಂಪನಿಗಳಿಗೆ ಊರಲ್ಲೇ ಇದ್ದು ಕೆಲಸ ಮಾಡುವ ಹುಡುಗ ಹುಡುಗಿಯರು, ಇಬ್ಬರು ಅಕೌಂಟೆಂಟರು, ಒಂದು ಇನ್ಶೂರೆನ್ಸ್ ತಂಡ. ಮೂಲೆಯಲ್ಲಿ ಕೆಎಎಸ್, ಪಿಎಸ್‌ಐ ಅಂತ ಓದುವ ನಾಲ್ಕೈದು ಜನ.

ಮೊದಲ ಸಲ ಇಂಥ ಸಮಾವೇಶಕ್ಕೆ ಬೆಂಗಳೂರಿಗೆ ಹೋದಾಗ ನನಗೆ ಏನೂ ತಯಾರಿ ಇರಲಿಲ್ಲ. ಎರಡು ದಿನ ಮುಂದಿನ ಸಾಲಿನಲ್ಲಿ ಕೂತು ವೇದಿಕೆ ನೋಡಿದೆ. ಒಂದು ಚೀಲ ತುಂಬ ಬ್ರೋಷರ್ ತಂದೆ. ಅವು ಈಗಲೂ ಉಪಯೋಗದಲ್ಲಿವೆ. ಪ್ರಿಂಟರ್ ಸ್ವಲ್ಪ ಎತ್ತರಕ್ಕೆ ಬೇಕಿತ್ತು, ಅದರ ಕೆಳಗೆ ಇಟ್ಟಿದ್ದೇನೆ. ಎರಡನೇ ಸಲ ನಮ್ಮ ಜಾಗದ ಲೆಕ್ಕ ಬರೆದ ಒಂದೇ ಒಂದು ಹಾಳೆ ಜೇಬಿನಲ್ಲಿಟ್ಟುಕೊಂಡು ಹೋದೆ. ಆ ಸಲ ಬಂದದ್ದೇ ಬೇರೆ. ಈ ಲೈನಿನಲ್ಲಿ ಯಾರೂ ತಾವಾಗಿ ಬಂದು ತಮ್ಮ ಲೆಕ್ಕ ಹೇಳುವುದಿಲ್ಲ. ನೀವು ನಿಮ್ಮದು ಬಿಚ್ಚಿಟ್ಟರೆ ಅವರದೂ ಹೊರಗೆ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರಿಗೆ ಆ ಹಾಳೆಯಿಂದ ಹಿಡಿದು ವಾಪಸ್ ಬಂದ ಮೇಲಿನ ಕೆಲಸದವರೆಗೆ ಬರೆದಿದ್ದೇನೆ.

1. ಯಾವ ಸಮಾವೇಶ ಅಂತ ಮೊದಲು ನೋಡಿ

ಹೆಸರು ಒಂದೇ ಥರ ಇದ್ದರೂ ಇವುಗಳಲ್ಲಿ ಜಾತಿ ಬೇರೆ ಬೇರೆ. ದೊಡ್ಡ ಹೋಟೆಲಿನಲ್ಲಿ ನಡೆಯುವವು ಹೆಚ್ಚಾಗಿ ಕಟ್ಟಡದ ವ್ಯಾಪಾರದವರ ಸಮಾವೇಶ. ಆಫಿಸ್ (Awfis) ಅನ್ನುವ ದೊಡ್ಡ ಕೋವರ್ಕಿಂಗ್ ಕಂಪನಿ 2024ರಲ್ಲಿ ಷೇರು ಮಾರುಕಟ್ಟೆಗೆ ಬಂತು. 2025ರಲ್ಲಿ ಸ್ಮಾರ್ಟ್‌ವರ್ಕ್ಸ್, ಇಂಡಿಕ್ಯೂಬ್, ವೀವರ್ಕ್ ಇಂಡಿಯಾ ಬಂದವು. ಹಾಗಾಗಿ ವೇದಿಕೆ ಮೇಲೆ ಲಕ್ಷಗಟ್ಟಲೆ ಚದರಡಿಯ ಮಾತು, ಒಂದೇ ಕಂಪನಿಗೆ ಪೂರ್ತಿ ಸಜ್ಜು ಮಾಡಿ ನಡೆಸಿಕೊಡುವ ಮ್ಯಾನೇಜ್ಡ್ ಆಫೀಸಿನ ಮಾತು ಜಾಸ್ತಿ. ಕೇಳಲು ಚೆನ್ನಾಗಿರುತ್ತದೆ. ಆದರೆ ಒಂದೇ ಕಂಪನಿಗೆ 500 ಸೀಟು ಕೊಡುವವನ ಕಷ್ಟ ಬೇರೆ, ತಿಂಗಳ ಕೊನೆಗೆ ಮೂರು ಹುಡುಗರು ಸೀಟು ಬಿಟ್ಟರೆ ನಮಗೆ ಆಗುವ ಕಷ್ಟ ಬೇರೆ.

ಎರಡನೇ ಜಾತಿ ಸಣ್ಣ ಮಾಲಕರ ಕೂಟ. ಯಾರದೋ ಜಾಗದಲ್ಲಿ, ಅವರದೇ ಮೀಟಿಂಗ್ ರೂಮಿನಲ್ಲಿ, 40-50 ಜನ ಸೇರುತ್ತಾರೆ. ಊಟ ಸಾದಾ, ಮಾತು ಗಟ್ಟಿ. ನನ್ನನ್ನು ಕೇಳಿದರೆ ಮೊದಲು ಇದಕ್ಕೆ ಹೋಗಿ.

ಮೂರನೆಯದು ಅನ್‌ಕಾನ್ಫರೆನ್ಸ್. ಇದರಲ್ಲಿ ಮೊದಲೇ ಗೊತ್ತು ಮಾಡಿದ ಭಾಷಣ ಇರುವುದಿಲ್ಲ, ಇದ್ದರೂ ಕಡಿಮೆ. ಬೆಳಿಗ್ಗೆ ಒಂದು ಬೋರ್ಡ್ ಇಡುತ್ತಾರೆ. ಯಾರಿಗೆ ಏನು ಮಾತಾಡಬೇಕೋ ಅದನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತಾರೆ. ಬೇಕಾದವರು ಆ ಟೇಬಲ್‌ಗೆ ಹೋಗುತ್ತಾರೆ, ಬೇಜಾರಾದರೆ ಎದ್ದು ಇನ್ನೊಂದಕ್ಕೆ. ಹಾಗೆ ನಡುವೆ ಎದ್ದು ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದೇ ಅಲ್ಲಿನ ನಿಯಮ. ಈ ಪದ್ಧತಿ ಕೋವರ್ಕಿಂಗ್ ಜನಕ್ಕೆ ಮೊದಲಿನಿಂದಲೂ ಹಿಡಿಸಿದೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಶುರು ಮಾಡಿದ್ದೂ ಯಾವ ಕಂಪನಿ ಅಲ್ಲ, ಕೆಲವರು ಸೇರಿ ಕೂರುವ ಜಾಗ ಅಷ್ಟೇ. ಅಮೆರಿಕದ ದೊಡ್ಡ ಕೋವರ್ಕಿಂಗ್ ಸಮಾವೇಶ ಜಿಸಿಯುಸಿಯ ಹೆಸರಿನಲ್ಲೇ ಅನ್‌ಕಾನ್ಫರೆನ್ಸ್ ಅನ್ನುವ ಮಾತು ಸೇರಿದೆ.

ಇನ್ನು ಪ್ರತಿ ವರ್ಷ ನಡೆಯುವ ಬೆಂಗಳೂರು ಟೆಕ್ ಸಮಿಟ್ ಇದೆ. ಅದು ಸರ್ಕಾರದ ದೊಡ್ಡ ತಂತ್ರಜ್ಞಾನ ಮೇಳ. ಅಲ್ಲಿ ನಿಮಗೆ ಗಿರಾಕಿಗಳು ಸಿಗಬಹುದು. ಆದರೆ ಅದು ನಮ್ಮ ಲೈನಿನವರ ಸಮಾವೇಶ ಅಲ್ಲ.

ಟಿಕೆಟ್ ತೆಗೆಯುವ ಮೊದಲು ಮಾತಾಡುವವರ ಪಟ್ಟಿ ಓದಿ. ಅದರಲ್ಲಿ ದಿನಾ ಬೆಳಿಗ್ಗೆ ಜಾಗದ ಬಾಗಿಲು ತೆಗೆಯುವವರು ಎಷ್ಟು ಜನ, ಅವರಿಗೆ ಏನಾದರೂ ಮಾರುವವರು ಎಷ್ಟು ಜನ ಅಂತ ಎಣಿಸಿ. ಮಾರುವವರೇ ಜಾಸ್ತಿ ಇದ್ದರೆ ಸಂಘಟಕರಿಗೆ ಒಂದು ಫೋನ್ ಮಾಡಿ: "50 ಸೀಟಿಗಿಂತ ಕಡಿಮೆ ಇರುವವರು ಎಷ್ಟು ಜನ ಬರ್ತಿದಾರೆ?" ಉತ್ತರ ತಡವರಿಸಿದರೆ ಆ ವರ್ಷ ಬಿಟ್ಟುಬಿಡಿ.

2. ಒಂದು ಹಾಳೆಯ ಲೆಕ್ಕ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ನೋಟ್‌ಬುಕ್ಕಿನ ಹಾಳೆಯಾದರೂ ನಡೆಯುತ್ತದೆ. ಉದಾಹರಣೆಗೆ ಹೀಗೆ ಹಿಡಿಯಿರಿ: ತಿಂಗಳಿಗೆ ಕಟ್ಟಡದ ಬಾಡಿಗೆ 40,000, ಹುಡುಗನ ಸಂಬಳ 18,000, ಏಪ್ರಿಲ್‌ನ ಕರೆಂಟ್ 16,000, ಎರಡು ಕಂಪನಿಯ ನೆಟ್ 5,000, ನೀರು, ಚಹಾ, ಸ್ವಚ್ಛತೆ 8,000, ರಿಪೇರಿಗೆ 3,000. ಒಟ್ಟು 90,000 ರೂಪಾಯಿ. ಸೀಟಿಗೆ ಜಿಎಸ್‌ಟಿ ಬಿಟ್ಟು 4,000 ಅಂದರೆ 23 ಸೀಟು ತುಂಬಿದ ಮೇಲೆಯೇ ಉಸಿರು. ಮೀಟಿಂಗ್ ರೂಮಿನಿಂದ 10,000 ಬಂದರೆ 20 ಸೀಟು ತುಂಬಿದರೆ ಸಾಕು. 30ರಲ್ಲಿ 20.

ಈ ಒಂದು ಸಾಲು ಗೊತ್ತಿದ್ದರೆ ಸಮಾವೇಶದಲ್ಲಿ ಯಾರ ಎದುರೂ ತಬ್ಬಿಬ್ಬಾಗುವುದಿಲ್ಲ. "ನಮ್ಮಲ್ಲಿ ಆಕ್ಯುಪೆನ್ಸಿ 90 ಪರ್ಸೆಂಟ್", ಅಂದರೆ ನೂರರಲ್ಲಿ 90 ಸೀಟು ತುಂಬಿವೆ ಅಂತ ಒಬ್ಬರು ಹೇಳಿದಾಗ, "ಎಷ್ಟಕ್ಕೆ ನಿಮ್ಮ ಖರ್ಚು ಹುಟ್ಟುತ್ತೆ?" ಅಂತ ಕೇಳುವ ಧೈರ್ಯ ಬರುತ್ತದೆ. 90 ತುಂಬಿಯೂ ಕೈ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಬಾಡಿಗೆಯೇ ಅವರನ್ನು ತಿನ್ನುತ್ತಿತ್ತು.

ಹಾಳೆಯ ಹಿಂದೆ ಮೂರು ಪ್ರಶ್ನೆ ಬರೆಯಿರಿ. ಮೂರೇ. "ಬಿಸಿನೆಸ್ ಬೆಳೆಸೋದು ಹೇಗೆ" ಅಂತ ಬರೆದರೆ ಅದಕ್ಕೆ ಭಾಷಣ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ನನ್ನವು ಹೀಗಿದ್ದವು: ಏಪ್ರಿಲ್, ಮೇ ಕರೆಂಟ್ ಬಿಲ್ ಇಳಿಸುವುದು ಹೇಗೆ? ಓದುವ ಹುಡುಗರಿಗೂ ಫೋನಿನಲ್ಲಿ ಮಾತಾಡುವವರಿಗೂ ಒಂದೇ ಹಾಲ್‌ನಲ್ಲಿ ಹೊಂದಿಸುವುದು ಹೇಗೆ? ಕಟ್ಟಡದ ಮಾಲಕರನ್ನು ನಿಗದಿ ಬಾಡಿಗೆಯಿಂದ ಬಂದ ಆದಾಯದಲ್ಲಿ ಪಾಲು ಕೊಡುವ ಲೆಕ್ಕಕ್ಕೆ ಒಪ್ಪಿಸುವುದು ಹೇಗೆ?

ಸದಸ್ಯರ ಹೆಸರು, ಅವರ ಕಂಪನಿಯ ಹೆಸರು ಹಾಳೆಯಲ್ಲಿ ಬೇಡ. ಅದು ನಮ್ಮ ಸೊತ್ತಲ್ಲ.

3. ಖರ್ಚು, ಟಿಕೆಟ್, ಜಿಎಸ್‌ಟಿ

ಟಿಕೆಟ್, ರೈಲು, ಎರಡು ರಾತ್ರಿಯ ರೂಮು, ಆಟೊ, ಊಟ ಎಲ್ಲ ಕೂಡಿಸಿ. ಬಂದ ಮೊತ್ತವನ್ನು ನಿಮ್ಮ ಸೀಟಿನ ದರದಿಂದ ಭಾಗಿಸಿ. 16,000 ಆದರೆ ನಾಲ್ಕು ಸೀಟಿನ ಒಂದು ತಿಂಗಳು. ಅಲ್ಲಿಂದ ಬಂದ ಮೇಲೆ ನಾಲ್ಕು ಸೀಟು ಹೆಚ್ಚು ತುಂಬಬೇಕು, ಇಲ್ಲಾ ಅಷ್ಟು ಖರ್ಚು ಉಳಿಯಬೇಕು. ಈ ಅಳತೆ ಇಟ್ಟುಕೊಂಡರೆ ವಿಐಪಿ ಪಾಸ್ ತೆಗೆಯುವ ಆಸೆ ತಾನಾಗಿ ಇಳಿಯುತ್ತದೆ.

ಜಿಎಸ್‌ಟಿ ನಂಬರ್ ಇದ್ದರೆ ಟಿಕೆಟ್ ಬುಕ್ ಮಾಡುವಾಗಲೇ ಹಾಕಿ, ಆಮೇಲೆ ಬಿಲ್ ಬದಲಿಸುವುದು ತಲೆನೋವು. ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಹೋಟೆಲ್ ರೂಮಿನ ತೆರಿಗೆ ಆ ಹೋಟೆಲ್ ಇರುವ ರಾಜ್ಯದ್ದು. ಹೈದರಾಬಾದ್‌ನಲ್ಲಿ ಉಳಿದರೆ ತೆಲಂಗಾಣದ ಜಿಎಸ್‌ಟಿ ಹಾಕುತ್ತಾರೆ. ಕರ್ನಾಟಕದ ನೋಂದಣಿ ಇರುವ ನಮಗೆ ಆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಅದನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಖರ್ಚಿನಲ್ಲಿ ಅದನ್ನೂ ಪೂರ್ತಿ ಸೇರಿಸಿಕೊಳ್ಳಿ. ಉಳಿದದ್ದನ್ನು ನಿಮ್ಮ ಅಕೌಂಟೆಂಟ್ ಹತ್ತಿರ ಕೇಳಿ. ನಮ್ಮಲ್ಲಿ ಇಬ್ಬರು ಪಕ್ಕದ ಸೀಟಿನಲ್ಲೇ ಕೂರುತ್ತಾರೆ, ಒಂದು ಚಹಾಕ್ಕೆ ಕೆಲಸ ಆಗುತ್ತದೆ.

4. ಪ್ರಯಾಣ

ಬೆಂಗಳೂರಿಗಾದರೆ ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿಯ ಗಾಡಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಸುತ್ತದೆ, ಎದುರಿಗೇ ಮೆಟ್ರೊ. 2024ರ ಮಾರ್ಚ್‌ನಿಂದ ಕಲಬುರಗಿಯಿಂದಲೇ ಹೊರಡುವ ವಂದೇ ಭಾರತ್ ಇದೆ. ಬೆಳಗಿನ ಜಾವ ಬಿಟ್ಟು ಮಧ್ಯಾಹ್ನ ಬೈಯಪ್ಪನಹಳ್ಳಿಯ ಸರ್ ಎಂ.ವಿ. ಟರ್ಮಿನಲ್ ಮುಟ್ಟುತ್ತದೆ. ವಾರದಲ್ಲಿ ಓಡದ ದಿನವೂ ಇದೆ, ನೋಡಿ ಬುಕ್ ಮಾಡಿ. ಸಮಾವೇಶದ ಹಿಂದಿನ ದಿನಕ್ಕೆ ಇದು ಚೆನ್ನಾಗಿದೆ. ರಾತ್ರಿ ನಿದ್ದೆ ಸರಿಯಾಗಿ ಆಗದೆ ಹಾಲ್‌ಗೆ ಹೋದರೆ ಎಸಿಯಲ್ಲಿ ತೂಕಡಿಕೆ ಖಂಡಿತ.

ಹೈದರಾಬಾದ್ ನಮಗೆ ಹತ್ತಿರ, ಬೀದರ್‌ನವರಿಗಂತೂ ಇನ್ನೂ ಹತ್ತಿರ. ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗುವ ಬಸ್ಸಾದರೆ ಊರೊಳಗಿನ ದೊಡ್ಡ ಬಸ್ ನಿಲ್ದಾಣ ಎಂಜಿಬಿಎಸ್‌ವರೆಗೆ ಕೂರಬೇಡಿ. ಇಂಥ ಸಮಾವೇಶ ಹೆಚ್ಚಾಗಿ ಹೈಟೆಕ್ ಸಿಟಿ, ಗಚ್ಚಿಬೌಲಿ ಕಡೆ ಇರುತ್ತವೆ, ಅವು ಊರಿನ ಪಶ್ಚಿಮಕ್ಕೆ ಇವೆ. ಮಿಯಾಪುರದಲ್ಲಿ ಇಳಿದರೆ ಅಲ್ಲೇ ಮೆಟ್ರೊ. ರೈಲಿನಲ್ಲಿ ಹೋಗುವವರು ಲಿಂಗಂಪಲ್ಲಿಯಲ್ಲಿ ನಿಲ್ಲುವ ಗಾಡಿ ಹಿಡಿಯಿರಿ. ಭಾಷೆಯ ಚಿಂತೆ ನಮಗಿಲ್ಲ. ಕಲಬುರಗಿಯವರ ದಖನಿ ಉರ್ದು ಕೇಳಿದರೆ ಹೈದರಾಬಾದಿನವರು ಅರ್ಧ ನೆಂಟರು ಅಂದುಕೊಳ್ಳುತ್ತಾರೆ.

ಹೊರಡುವ ಮೊದಲು ಇಲ್ಲಿನ ವ್ಯವಸ್ಥೆ: ಕೀ ಇಬ್ಬರ ಹತ್ತಿರ ಇರಲಿ, ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿರಲಿ, ನೆಟ್ ಬಿಲ್ ಕಟ್ಟಿರಲಿ. ಒಂದು ಅಂಗಿ ದಪ್ಪದ್ದು ಇಟ್ಟುಕೊಳ್ಳಿ. 43 ಡಿಗ್ರಿಯಲ್ಲಿ ಓಡಾಡುವ ನಮಗೆ ಆ ಹಾಲ್‌ಗಳ ಚಳಿ ತಡೆಯಲು ಆಗುವುದಿಲ್ಲ.

ಆಮೇಲೆ ಶೇಂಗಾ ಹಿಂಡಿ. ನಗಬೇಡಿ. ಸಣ್ಣ ಸಣ್ಣ ಪ್ಯಾಕೆಟ್ ಹತ್ತು ಮಾಡಿಸಿ, ಮೇಲೆ ನಿಮ್ಮ ಜಾಗದ ಹೆಸರು, ಊರು, ಫೋನ್ ನಂಬರಿನ ಚೀಟಿ ಅಂಟಿಸಿ. ವಿಸಿಟಿಂಗ್ ಕಾರ್ಡ್ ರೂಮಿನ ಡಸ್ಟ್‌ಬಿನ್‌ಗೆ ಹೋಗುತ್ತದೆ, ಹಿಂಡಿ ಮನೆಗೆ ಹೋಗುತ್ತದೆ. ಭಾರ ಹೊರುವ ಮನಸ್ಸಿದ್ದರೆ ಅರ್ಧ ಕೆಜಿ ತೊಗರಿ ಬೇಳೆಯೂ ಆಗಬಹುದು. 2019ರಲ್ಲಿ ಜಿಐ ಟ್ಯಾಗ್ ಪಡೆದ ಬೇಳೆ ನಮ್ಮದು, ಕಲಬುರಗಿ ಎಲ್ಲಿದೆ ಅನ್ನುವವರಿಗೆ ಅದೇ ಉತ್ತರ.

5. ಹಾಲ್ ಒಳಗೆ

ಮೊದಲ ಅರ್ಧ ಗಂಟೆ ನೋಂದಣಿ ಸಾಲಿನಲ್ಲಿ ಫೋನ್ ನೋಡುತ್ತ ನಿಲ್ಲಬೇಡಿ. ಹಿಂದಿನವರನ್ನು ಕೇಳಿ: "ಎಷ್ಟು ಸೀಟು ಸರ್ ನಿಮ್ದು?" ಈ ಲೈನಿನಲ್ಲಿ ಅದೇ ನಮಸ್ಕಾರ. ದೊಡ್ಡವರ ಹಿಂದೆ ಸೆಲ್ಫಿಗೆ ಓಡುವುದಕ್ಕಿಂತ ದಾವಣಗೆರೆ, ಸೋಲಾಪುರ, ನಾಂದೇಡ್, ಬಳ್ಳಾರಿಯಂಥ ಊರಿನವರನ್ನು ಹುಡುಕಿ. ಅವರ ಬಾಡಿಗೆ, ಬಿಸಿಲು, ಗಿರಾಕಿ ಎಲ್ಲ ನಮ್ಮ ಹಾಗೆಯೇ.

ಎರಡನೇ ಸಲ ನಾನು ಹೋದದ್ದು ಅನ್‌ಕಾನ್ಫರೆನ್ಸ್ ಮಾದರಿಯ ಕೂಟಕ್ಕೆ. ಬೋರ್ಡ್ ಮೇಲೆ ಕೃತಕ ಬುದ್ಧಿಮತ್ತೆ, ಬ್ರ್ಯಾಂಡಿಂಗ್, ಕಮ್ಯುನಿಟಿ ಅಂತ ಚೀಟಿಗಳು. ನಾನು "ಬೇಸಿಗೆಯ ಕರೆಂಟ್ ಬಿಲ್" ಅಂತ ಬರೆದು ಕೊನೆಗೆ ಅಂಟಿಸಿ, ಯಾರೂ ನೋಡದಿರಲಿ ಅಂತ ದೂರ ಸರಿದೆ. ಒಂಬತ್ತು ಜನ ಬಂದರು. ಮಧ್ಯಾಹ್ನದ ಹೊತ್ತು, ಕಿಟಕಿ ಪಕ್ಕದ ಟೇಬಲ್. ನಾನು ಹಾಳೆ ತೆಗೆದು ಮಧ್ಯದಲ್ಲಿ ಇಟ್ಟೆ. ಒಂದು ನಿಮಿಷ ಎಲ್ಲರೂ ಸುಮ್ನೆ ಓದಿದರು.

ದಾವಣಗೆರೆಯ ಒಬ್ಬ ಹಿರಿಯರು ಕನ್ನಡಕ ಏರಿಸಿ, "ರೂಪಾಯಿ ಬಿಡ್ರಿ ತಮ್ಮಾ, ಯೂನಿಟ್ ಹೇಳು" ಅಂದರು. ಫೋನಿನಲ್ಲಿದ್ದ ಬಿಲ್ ನೋಡಿ ಹೇಳಿದೆ: ಏಪ್ರಿಲ್‌ನಲ್ಲಿ 1,640 ಯೂನಿಟ್, ತುಂಬಿದ್ದು 24 ಸೀಟು. ಅವರು ಚಹಾದ ಕಪ್ಪಿನ ಕೆಳಗಿದ್ದ ಟಿಶ್ಯೂ ಎಳೆದು ಭಾಗಾಕಾರ ಮಾಡಿದರು. ಸೀಟಿಗೆ 68. ಕೆಳಗೆ ತಮ್ಮದು ಬರೆದರು: 1,150, 22 ಸೀಟು, 52. ಎರಡಕ್ಕೂ ಒಂದು ಗೆರೆ ಎಳೆದು ಪೆನ್ನು ನನ್ನ ಕಡೆ ತಿರುಗಿಸಿದರು. "ಈ 16 ಎಲ್ಲಿ ಹೋಗ್ತದ, ಹುಡುಕೋಣ."

ಮುಕ್ಕಾಲು ಗಂಟೆ ಅದನ್ನೇ ಹುಡುಕಿದೆವು. ಎಸಿ ಎಷ್ಟರಲ್ಲಿ ಇಡ್ತೀರಿ? ಹೊಸ ಎಸಿಗಳು ಆನ್ ಮಾಡಿದ ಕೂಡಲೇ 24ಕ್ಕೆ ನಿಲ್ಲುವ ಹಾಗೆ 2020ರ ಜನವರಿಯಿಂದ ನಿಯಮವೇ ಇದೆ. ನಮ್ಮವು ಹಳೆಯವು, ಬಂದವರು 18ಕ್ಕೆ ಇಳಿಸುತ್ತಿದ್ದರು. ಫ್ಯಾನ್ ಇದೆಯಾ? ಫಾಲ್ಸ್ ಸೀಲಿಂಗ್ ಹಾಕುವಾಗ ತೆಗೆಸಿದ್ದೆ. ಚಂದ ಕಾಣಲಿ ಅಂತ. ಪಡುವಣ ಗೋಡೆಗೆ ಏನಿದೆ? ಬರೀ ಗಾಜು. ಮೇಲೆ ಟೆರೇಸಾ? ಹೌದು, ಬರೀ ಸಿಮೆಂಟು. ನನ್ನ ಉತ್ತರ ಮುಗಿಯುವ ಹೊತ್ತಿಗೆ ಆ 16 ಯೂನಿಟ್ ಎಲ್ಲಿದೆ ಅಂತ ಟೇಬಲ್‌ನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಎಸಿ 26, ಜೊತೆಗೆ ಫ್ಯಾನ್, ಗಾಜಿಗೆ ಹೊರಗಿನಿಂದ ಚಾಪೆಯ ಪರದೆ, ಟೆರೇಸಿಗೆ ಬಿಳಿ ಬಣ್ಣ. ಇನ್ನೊಬ್ಬರು ಮಂಜೂರಾದ ಲೋಡ್ ಬಗ್ಗೆ ಹೇಳಿದರು. ವಾಣಿಜ್ಯ ಮೀಟರ್‌ಗೆ ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿ ಶುಲ್ಕ ಬೀಳುತ್ತದೆ, ಕರೆಂಟ್ ಉರಿಸಿದರೂ ಬಿಟ್ಟರೂ. ಬೇಕಿದ್ದಕ್ಕಿಂತ ಜಾಸ್ತಿ ಲೋಡ್ ಬರೆಸಿದ್ದರೆ ಚಳಿಗಾಲದಲ್ಲೂ ಕಟ್ಟುತ್ತಿರುತ್ತೀರಿ. ಹಾಗಂತ ಸುಮ್ನೆ ಇಳಿಸಿದರೆ ಮೇ ತಿಂಗಳಲ್ಲಿ ಮಿತಿ ಮೀರಿ ದಂಡ. ಮಂಜೂರಾದ ಲೋಡ್, ನಿಜಕ್ಕೂ ಬಳಸಿದ ಲೋಡ್, ಬಿಲ್ಲಿನಲ್ಲಿ ಎರಡೂ ಅಂಕಿ ಅಚ್ಚಾಗಿರುತ್ತವೆ, ಅಲ್ಲಿಯವರೆಗೆ ನಾನು ನೋಡಿರಲೇ ಇಲ್ಲ.

ಟೇಬಲ್ ನಡೆಸುವಾಗ ಒಂದೇ ನಿಯಮ ಸಾಕು. ನಿಮ್ಮ ಅಂಕಿ ಮೊದಲು ಇಡಿ, ಆಮೇಲೆ ಬಾಯಿ ಮುಚ್ಚಿ ಕೂತುಕೊಳ್ಳಿ.

ವೇದಿಕೆಯ ಭಾಷಣಗಳಲ್ಲಿ ದಿನಕ್ಕೆ ಎರಡು ಕೇಳಿದರೆ ಸಾಕು. ಅವುಗಳಲ್ಲಿ ವರ್ಚುವಲ್ ಆಫೀಸ್ ಬಗ್ಗೆ ಇದ್ದರೆ ಕಿವಿಗೊಟ್ಟು ಕೇಳಿ, ಆದರೆ ಅರ್ಧ ನಂಬಿ. ಸೀಟೇ ಇಲ್ಲದೆ, ಬರೀ ವಿಳಾಸ ಕೊಟ್ಟು ದುಡ್ಡು ಮಾಡುವ ದಾರಿ ಅದು. ಕಂಪನಿಗಳು ಜಿಎಸ್‌ಟಿ ನೋಂದಣಿಗೆ ನಮ್ಮ ವಿಳಾಸ ಬಳಸುತ್ತವೆ, ನಾವು ಕರಾರು, ಎನ್‌ಒಸಿ, ಕರೆಂಟ್ ಬಿಲ್ ಕೊಡುತ್ತೇವೆ. ಲಾಭ ಇದೆ. ಆದರೆ ಅಧಿಕಾರಿ ಪರಿಶೀಲನೆಗೆ ಬಂದಾಗ ಬಾಗಿಲಲ್ಲಿ ನಿಲ್ಲುವವರು ನೀವು. ಮಾಲಕರು ಯಾರು, ಏನು ವ್ಯಾಪಾರ ಅಂತ ಗೊತ್ತಿಲ್ಲದ ಕಂಪನಿಗೆ ವಿಳಾಸ ಕೊಡಬೇಡಿ. ವಾಟ್ಸ್‌ಆ್ಯಪ್‌ನಲ್ಲೇ ಎಲ್ಲ ಮುಗಿಸೋಣ ಅನ್ನುವವರಿಗೆ ನಾನು "ಒಂದ್ಸಲ ಬಂದು ಚಹಾ ಕುಡಿದು ಹೋಗ್ರಿ" ಅನ್ನುತ್ತೇನೆ. ಅರ್ಧ ಜನ ಅಲ್ಲಿಗೇ ಮಾಯ.

6. ಮಳಿಗೆಗಳು

ಬೀಗ, ಕುರ್ಚಿ, ಕಾಫಿ ಮಷೀನ್, ಸಾಫ್ಟ್‌ವೇರ್. ಎಲ್ಲ ನೋಡಿ, ಅಲ್ಲೇ ಏನೂ ಕೊಳ್ಳಬೇಡಿ. ಇದನ್ನು ಕೈ ಸುಟ್ಟುಕೊಂಡು ಹೇಳುತ್ತಿದ್ದೇನೆ. ಮೊದಲ ಸಲ "ಇವತ್ತು ಮಾತ್ರ ರಿಯಾಯಿತಿ" ಅಂದರು ಅಂತ ಫೋನಿನಿಂದ ತೆರೆಯುವ ಬೀಗಕ್ಕೆ ಅಡ್ವಾನ್ಸ್ ಕೊಟ್ಟೆ. ಹಾಕಿಸಿದ ಮೂರನೇ ವಾರ ಮಧ್ಯಾಹ್ನ ಕರೆಂಟ್ ಹೋಯಿತು, ರೂಟರ್ ಆಫ್ ಆಯಿತು, ಆ್ಯಪ್ ಸುತ್ತುತ್ತಲೇ ಇತ್ತು. ಊಟಕ್ಕೆ ಹೋಗಿದ್ದ ಇನ್ಶೂರೆನ್ಸ್ ತಂಡ ಮೆಟ್ಟಿಲ ಮೇಲೆ ಸಾಲಾಗಿ ಕೂತಿತ್ತು. ಅವರಲ್ಲಿ ಒಬ್ಬ, "ಅಣ್ಣಾ, ಪಾಲಿಸಿ ತಗೋಬೇಕಿತ್ತು ನೀವು" ಅಂದ. ಕೊನೆಗೆ ಕೀ ಮಾಡುವವನನ್ನು ನಮ್ಮೂರ ಪೇಟೆಯಾದ ಸೂಪರ್ ಮಾರ್ಕೆಟ್‌ನಿಂದ ಕರೆತಂದೆ.

ಹಾಗಾಗಿ ಪ್ರತಿ ಮಳಿಗೆಯಲ್ಲೂ ಇವನ್ನು ಕೇಳಿ: ಕರೆಂಟ್, ನೆಟ್ ಎರಡೂ ಇಲ್ಲದಾಗ ಇದು ಏನು ಮಾಡುತ್ತೆ? ಕೆಟ್ಟರೆ ಕಲಬುರಗಿಗೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ? 50 ಸೀಟಿಗಿಂತ ಕಡಿಮೆ ಇರುವ ಒಬ್ಬ ಗಿರಾಕಿಯ ನಂಬರ್ ಕೊಡ್ತೀರಾ? ಮೂರನೆಯದಕ್ಕೆ ನಂಬರ್ ಕೊಟ್ಟವರನ್ನು ಮಾತ್ರ ಮುಂದಕ್ಕೆ ಇಟ್ಟುಕೊಳ್ಳಿ.

ಸಾಫ್ಟ್‌ವೇರ್‌ನಲ್ಲಿ ನೆಕ್ಸುಡಸ್, ಆಫೀಸ್‌ಆರ್‌ಎನ್‌ಡಿ, ಕೋಬಾಟ್ ಹೆಸರು ಕೇಳಿಬರುತ್ತವೆ. ಒಳ್ಳೆಯವೇ. ಆದರೆ 30 ಸೀಟಿಗೆ ಎಕ್ಸೆಲ್ ಶೀಟು, ಯುಪಿಐ ಕ್ಯೂಆರ್, ಒಂದು ವಾಟ್ಸ್‌ಆ್ಯಪ್ ಗುಂಪು ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡನೇ ಜಾಗ ತೆಗೆದಾಗ ಯೋಚಿಸಿ.

7. ಬೇರೆಯವರ ಜಾಗ ನೋಡಲು ಹೋದಾಗ

ಸಮಾವೇಶದ ಜೊತೆ ಎರಡು ಮೂರು ಜಾಗ ತೋರಿಸುವ ಏರ್ಪಾಡು ಇದ್ದರೆ ಖಂಡಿತ ಹೋಗಿ. ರಿಸೆಪ್ಷನ್ ಹೂಗಿಡದ ಮುಂದೆ ಫೋಟೊ ಬೇಡ. ನೇರ ಟಾಯ್ಲೆಟ್‌ಗೆ ಹೋಗಿ, ಸ್ವಚ್ಛತೆಯ ಚೀಟಿಯಲ್ಲಿ ಕೊನೆಯ ಸಹಿ ಎಷ್ಟು ಗಂಟೆಯದ್ದು ನೋಡಿ. ಒಂದು ಸೀಟಿನಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಪ್ಲಗ್ ಪಾಯಿಂಟ್ ಕೈಗೆ ಸಿಗುತ್ತಾ? ಪಕ್ಕದವರ ಫೋನ್ ಮಾತು ಪೂರ್ತಿ ಕೇಳುತ್ತಾ? ನನ್ನ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ ಕೂತಾಗಲೇ. ಅವರು ಪ್ಯಾಂಟ್ರಿಯ ಕಡೆ ಮಾತಾಡುವವರನ್ನು, ಹಿಂದಿನ ಗೋಡೆಯ ಕಡೆ ಓದುವವರನ್ನು ಇಟ್ಟು, ನಡುವೆ ಪುಸ್ತಕದ ಕಪಾಟು ನಿಲ್ಲಿಸಿದ್ದರು. ಗಾಜಿನ ಗೋಡೆ ಕಟ್ಟಿಸಬೇಕು ಅಂತ ನಾನು ಕೊಟೇಶನ್ ತೆಗೆದುಕೊಂಡಿದ್ದೆ.

8. ವಾಪಸ್ ಬಂದ ಮೇಲೆ

ನೋಟ್ಸ್ ರೈಲಿನಲ್ಲೇ ಬರೆಯಿರಿ. ಊರು ಮುಟ್ಟಿದ ಮೇಲೆ ಮೋಟರ್ ಕೆಟ್ಟಿರುತ್ತದೆ, ಯಾರೋ ಸೀಟು ಬದಲಿಸಿ ಅಂತ ಕಾದಿರುತ್ತಾರೆ, ಆಗುವುದಿಲ್ಲ. ಭೇಟಿಯಾದವರಲ್ಲಿ ಐದು ಜನಕ್ಕೆ ಎರಡು ದಿನದೊಳಗೆ ಮೆಸೇಜ್ ಹಾಕಿ. "ಭೇಟಿಯಾಗಿ ಸಂತೋಷವಾಯಿತು" ಅಂತಲ್ಲ, ನೀವು ಮಾತು ಕೊಟ್ಟಿದ್ದ ಅಂಕಿಯನ್ನೋ ಕರಾರಿನ ನಮೂನೆಯನ್ನೋ ಕಳಿಸಿ.

ತಂದ ವಿಚಾರಗಳಲ್ಲಿ ಎರಡೇ ಆರಿಸಿ, ಕಡಿಮೆ ದುಡ್ಡಿನದು ಮೊದಲು. ನಾನು ಫ್ಯಾನ್ ಮತ್ತೆ ಹಾಕಿಸಿದೆ, ಎಸಿ ರಿಮೋಟ್‌ಗಳನ್ನು ಹುಡುಗನ ಡ್ರಾಯರ್‌ಗೆ ಹಾಕಿಸಿದೆ. ಮೊದಲ ವಾರ ಗಲಾಟೆ ಆಯಿತು. ಎರಡನೇ ವಾರ ಯಾರೂ ಕೇಳಲಿಲ್ಲ. ಕಟ್ಟಡದ ಮಾಲಕರಿಗೆ ಪಾಲಿನ ಲೆಕ್ಕ ಹೇಳಿ ನೋಡಿದೆ. ಅವರು ಪೂರ್ತಿ ಕೇಳಿ, "ನಿಮ್ಮ ಲೆಕ್ಕ ನಾನು ಎಲ್ಲಿ ಕಾಯ್ಕೋತ ಕೂಡಲಿ, ಒಂದನೇ ತಾರೀಖಿಗೆ ಬಾಡಿಗಿ ಕೊಡ್ರಿ" ಅಂದರು. ಮೂರರಲ್ಲಿ ಒಂದು ಹೋಯಿತು. ಆದರೆ ಟೆರೇಸಿಗೆ ಬಿಳಿ ಬಣ್ಣದ ಅರ್ಧ ಖರ್ಚು ಅವರೇ ಕೊಟ್ಟರು, ಕಟ್ಟಡ ಅವರದು ಅಲ್ವಾ.

ಆಗಸ್ಟ್ 9 ಕೋವರ್ಕಿಂಗ್ ದಿನ. ಬ್ರಾಡ್ ನ್ಯೂಬರ್ಗ್ 2005ರಲ್ಲಿ ಆ ದಿನವೇ ತಮ್ಮ ಯೋಚನೆಯನ್ನು ಬರೆದು ಹಂಚಿದ್ದು. ಆವತ್ತು ನಿಮ್ಮ ಜಾಗದಲ್ಲಿ ಬಾಗಿಲು ತೆರೆದಿಟ್ಟು, ಸುಸಲಾ, ಮಿರ್ಚಿ ಭಜಿ ಮಾಡಿಸಿ, ಬೀದರ್, ಯಾದಗಿರಿಯಲ್ಲಿ ಇಂಥದ್ದು ನಡೆಸುವವರು, ಶುರು ಮಾಡಬೇಕು ಅನ್ನುವವರು ಇದ್ದರೆ ಕರೆಯಿರಿ. ನಾವು ಕರೆದಾಗ ಆರು ಜನ ಬಂದರು. ಟೇಬಲ್ ಮೇಲೆ ಮೊದಲು ಇಟ್ಟದ್ದು ಅದೇ ಹಾಳೆ.

ಮುಂದಿನ ವರ್ಷ ಮೇ ಮೊದಲ ವಾರ ದಾವಣಗೆರೆಯಿಂದ ಮೆಸೇಜ್ ಬಂತು: "ಏಪ್ರಿಲ್ ಯೂನಿಟ್ ಎಷ್ಟು?" ಬಿಲ್ ಹುಡುಕಿ ಕಳಿಸಿದೆ. 1,310, 25 ಸೀಟು. ಸ್ವಲ್ಪ ಹೊತ್ತಾದ ಮೇಲೆ ಅವರದೂ ಬಂತು, ಜೊತೆಗೆ ಒಂದು ಸಾಲು: "ಹಿಂಡಿ ಖಾಲಿ ಆಗೇದ."